ಕರುವಿಗೆ ಬಂದ ಪಾಲು



1962ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಒಂದು ಹೋಲ್‌ಸ್ಟೀನ್ ಹೋರಿಗರು ಹುಟ್ಟಿತು. ದಾಖಲೆಯಲ್ಲಿ ಅದರ ಹೆಸರು ಪಾನಿ ಫಾರ್ಮ್ ಆರ್ಲಿಂಡಾ ಚೀಫ್. ತಳಿ ಸಂವರ್ಧಕರ ಬಾಯಲ್ಲಿ ಬರೀ ಚೀಫ್. ಕೃತಕ ಗರ್ಭಧಾರಣೆಯ ಮೂಲಕ ಅದಕ್ಕೆ 16,000 ಹೆಣ್ಣುಕರುಗಳು ಹುಟ್ಟಿದವು. ಮೊಮ್ಮಗಳ ಸಾಲಿನಲ್ಲಿ ಐದು ಲಕ್ಷ, ಮರಿಮಗಳ ಸಾಲಿನಲ್ಲಿ 20 ಲಕ್ಷಕ್ಕೂ ಹೆಚ್ಚು ಹಸುಗಳು ಬಂದವು. ಇಂದಿನ ಹೋಲ್‌ಸ್ಟೀನ್ ತಳಿಯ ವಂಶವಾಹಿ ಸಂಪತ್ತಿನಲ್ಲಿ ಸುಮಾರು ಶೇ. 14ರಷ್ಟು ಈ ಒಂದೇ ಹೋರಿಯಿಂದ ಬಂದದ್ದು. ಅದರ ಸಂತಾನ ಹೆಚ್ಚಾಗಿ ಕರೆದ ಹಾಲಿನ ಬೆಲೆ ಸುಮಾರು 3,000 ಕೋಟಿ ಡಾಲರ್ ಎಂದು ಅಂದಾಜು.

ಅದೇ ಚೀಫ್ ಇನ್ನೊಂದನ್ನೂ ಹಂಚಿತು. ಅದರ ಐದನೇ ವರ್ಣತಂತುವಿನ ಒಂದು ಪ್ರತಿಯಲ್ಲಿ, ಎಪಿಎಎಫ್1 ಎಂಬ ವಂಶವಾಹಿಯ ನಡುವೆ, ಒಂದೇ ಒಂದು ಅಕ್ಷರ ಬದಲಾಗಿತ್ತು. ಆ ಬದಲಾವಣೆಯಿಂದ ಪ್ರೋಟೀನು ಅರ್ಧದಲ್ಲೇ ತುಂಡಾಗುತ್ತದೆ. ಭ್ರೂಣ ಬೆಳೆಯುವಾಗ ಬೇಡದ ಜೀವಕೋಶಗಳು ಸಕಾಲಕ್ಕೆ ಸಾಯಬೇಕು, ಅದಕ್ಕೆ ಈ ಪ್ರೋಟೀನು ಬೇಕು. ಒಂದು ಪ್ರತಿ ಕೆಟ್ಟಿದ್ದರೆ ತೊಂದರೆಯಿಲ್ಲ, ಚೀಫ್ ಆರೋಗ್ಯವಾಗಿಯೇ ಇತ್ತು. ಅಪ್ಪನಿಂದಲೂ ಅಮ್ಮನಿಂದಲೂ ಕೆಟ್ಟ ಪ್ರತಿಯೇ ಬಂದರೆ ಕರು ಹುಟ್ಟುವುದೇ ಇಲ್ಲ, ಹಸು ಕಂದು ಹಾಕುತ್ತದೆ. ಹೀಗೆ ಜಗತ್ತಿನಾದ್ಯಂತ ನಷ್ಟವಾದ ಗರ್ಭಗಳು ಐದು ಲಕ್ಷಕ್ಕೂ ಹೆಚ್ಚು, ಹಣದಲ್ಲಿ ಸುಮಾರು 42 ಕೋಟಿ ಡಾಲರ್ ಎಂದು ಸಂಶೋಧಕರು ಅಂದಾಜಿಸಿದ್ದಾರೆ. ದಶಕಗಳ ಕಾಲ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಹಾಲನ್ನು ಇಟ್ಟುಕೊಂಡು ಈ ದೋಷವನ್ನು ಮಾತ್ರ ಹೊರಗಿಡಲು ಆಗುತ್ತಿರಲಿಲ್ಲವೇ? ಈ ಪ್ರಶ್ನೆಯೇ ನನ್ನ ಇಂದಿನ ಉಪನ್ಯಾಸದ ವಿಷಯ. ಆಗುತ್ತದೆ, ಆದರೆ ಪ್ರಕೃತಿ ಅದಕ್ಕೊಂದು ರೀತಿ ಇಟ್ಟಿದೆ. ಆ ರೀತಿಯನ್ನು ತಿಳಿಯದೆ ಹೋರಿ ಆರಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕೊಟ್ಟಿಗೆಗಳಲ್ಲಿಯೂ ನೋಡುತ್ತಿದ್ದೇವೆ.

ದನಕ್ಕೆ 60 ವರ್ಣತಂತುಗಳು, ಅಂದರೆ 30 ಜೊತೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪನದು, ಒಂದು ಅಮ್ಮನದು. ವೀರ್ಯಾಣು ಇಲ್ಲವೇ ಅಂಡ ತಯಾರಾಗುವಾಗ ಪ್ರತಿ ಜೊತೆಯಿಂದ ಒಂದೊಂದೇ ಹೋಗಬೇಕು. ಯಾವುದು ಹೋಗುತ್ತದೆ ಎಂಬುದಕ್ಕೆ ನಿಯಮವಿಲ್ಲ. ಇಷ್ಟರಿಂದಲೇ ಒಂದು ಹೋರಿ ತಯಾರಿಸಬಲ್ಲ ವೀರ್ಯಾಣುಗಳ ಬಗೆ 107 ಕೋಟಿ ದಾಟುತ್ತದೆ. ಆದರೆ ವಿಷಯ ಇಲ್ಲಿಗೆ ನಿಲ್ಲುವುದಿಲ್ಲ. ಬೇರೆಯಾಗುವ ಮುನ್ನ ಜೊತೆಯ ಎರಡು ವರ್ಣತಂತುಗಳು ಉದ್ದಕ್ಕೂ ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಎರಡೂ ಒಂದೇ ಜಾಗದಲ್ಲಿ ತುಂಡಾಗಿ, ಇದರ ತುದಿ ಅದಕ್ಕೆ, ಅದರ ತುದಿ ಇದಕ್ಕೆ ಕೂಡಿಕೊಳ್ಳುತ್ತವೆ. ಇದಕ್ಕೆ ಅಡ್ಡಹಾಯುವಿಕೆ ಎನ್ನುತ್ತೇವೆ. ಇದರಿಂದ ಹುಟ್ಟುವ ಹೊಸ ಜೋಡಣೆಯೇ ಪುನಸ್ಸಂಯೋಜನೆ. ಬೆಲ್ಜಿಯಂನ ಯಾನ್ಸೆನ್ಸ್ ಇದನ್ನು 1909ರಲ್ಲಿ ಊಹಿಸಿದ. ನೊಣಗಳ ಮೇಲೆ ಕೆಲಸ ಮಾಡುತ್ತಿದ್ದ ಮಾರ್ಗನ್‌ನ ಶಿಷ್ಯ ಸ್ಟರ್ಟೆವಂಟ್ 1913ರಲ್ಲಿ ಇದೇ ಲೆಕ್ಕದಿಂದ ವಂಶವಾಹಿಗಳ ಮೊದಲ ನಕ್ಷೆ ಬರೆದ. ಹತ್ತಿರ ಇರುವ ಎರಡು ವಂಶವಾಹಿಗಳ ನಡುವೆ ತುಂಡಾಗುವ ಸಾಧ್ಯತೆ ಕಡಿಮೆ, ಆದ್ದರಿಂದ ಅವು ಒಟ್ಟಿಗೇ ಸಾಗುತ್ತವೆ. ದೂರ ಇದ್ದರೆ ಬೇಗ ಅಗಲುತ್ತವೆ.

ಹೋರಿಯ ವೃಷಣದ ತೆಳು ಪದರವನ್ನು ಗಾಜಿನ ಮೇಲೆ ಹರಡಿ, ಅಡ್ಡಹಾಯುವ ಜಾಗದಲ್ಲಿ ಬಂದು ಕೂರುವ ಪ್ರೋಟೀನಿಗೆ ಹೊಳೆಯುವ ಬಣ್ಣ ಹಚ್ಚಿದರೆ, ಸೂಕ್ಷ್ಮದರ್ಶಕದಲ್ಲಿ ಪ್ರತಿ ಜೊತೆ ಎಳೆಯ ಮೇಲೂ ಒಂದೋ ಎರಡೋ ಹೊಳೆವ ಚುಕ್ಕಿ ಕಾಣುತ್ತವೆ. ನೋಡಿದ ಮೇಲೆ ಮರೆಯುವಂಥದ್ದಲ್ಲ. ಚುಕ್ಕಿಯಿರುವ ಆ ಒಂದೇ ಜಾಗದಲ್ಲಿ ಅಜ್ಜನ ಪಾಲು ಮುಗಿದು ಅಜ್ಜಿಯ ಪಾಲು ಶುರುವಾಗುತ್ತದೆ. ಅಮೆರಿಕದ ಹೋಲ್‌ಸ್ಟೀನ್ ವಂಶಾವಳಿಗಳನ್ನು ಹಿಡಿದು ಮಾಡಿ 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 85 ಲಕ್ಷ ಅಡ್ಡಹಾಯುವಿಕೆಗಳನ್ನು ಎಣಿಸಿತು. ಹೋರಿಯ ಒಂದು ವೀರ್ಯಾಣುವಿನಲ್ಲಿ ಸರಾಸರಿ 25, ಹಸುವಿನ ಒಂದು ಅಂಡದಲ್ಲಿ ಸರಾಸರಿ 23. ಮನುಷ್ಯರಲ್ಲಿ ಇದು ತಿರುಗಾಮುರುಗಾ, ತಾಯಿಯ ಕಡೆಯೇ ಹೆಚ್ಚು.

ಕಾಲದ ಲೆಕ್ಕದಲ್ಲಿಯೂ ಗಂಡು-ಹೆಣ್ಣಿಗೆ ದೊಡ್ಡ ವ್ಯತ್ಯಾಸವಿದೆ. ಹೋರಿಯ ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಸಾಕು. ಅದರಲ್ಲಿ ಕಲಸುಮೇಲೋಗರ ಎಂದೆಂದೂ ಹೊಸದಾಗಿ ನಡೆಯುತ್ತಲೇ ಇರುತ್ತದೆ. ಹಸುವಿನ ಅಂಡದಲ್ಲಿ ಈ ಕೆಲಸ ಆ ಹಸು ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮುಗಿದಿರುತ್ತದೆ. ನಿಮ್ಮ ಮನೆಯಲ್ಲಿ ಇಂದು ಹುಟ್ಟಿದ ಕರುವಿಗೆ ತಾಯಿಯಿಂದ ಬಂದ ವರ್ಣತಂತುಗಳ ತುಂಡುಗಳು ಎಲ್ಲೆಲ್ಲಿ ಸೇರಿಕೊಳ್ಳಬೇಕೆಂಬುದು, ಅದರ ಅಜ್ಜಿ ಗಬ್ಬವಿದ್ದ ದಿನಗಳಲ್ಲೇ ತೀರ್ಮಾನವಾಗಿತ್ತು.

ಇದರಿಂದ ಒಂದು ಮಾತು ಖಚಿತವಾಗುತ್ತದೆ. ಕರುವಿಗೆ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುವುದು ನಿಜ. ಆದರೆ ಅಜ್ಜನಿಂದ ಕಾಲುಭಾಗ ಎಂಬುದು ಬರೀ ಸರಾಸರಿ. 30 ಜೊತೆ, 25 ತುಂಡು ಎಂಬ ಅಳತೆಯಲ್ಲಿ ಲೆಕ್ಕ ಹಾಕಿದರೆ ಬಹುತೇಕ ಕರುಗಳಲ್ಲಿ ಆ ಪಾಲು ಶೇ. 18ರಿಂದ 32ರವರೆಗೆ ಓಲಾಡುತ್ತದೆ. ಒಂದೇ ಹೋರಿ, ಒಂದೇ ಹಸುವಿನ ಎರಡು ಕರುಗಳಲ್ಲಿ ಒಂದು ಹಾಲಿನಲ್ಲಿ ಅಜ್ಜಿಯನ್ನು ಮೀರಿಸುತ್ತದೆ, ಇನ್ನೊಂದು ಸಾಧಾರಣವಾಗಿಬಿಡುತ್ತದೆ. ರೈತರು ಇದಕ್ಕೆ ಮೇವನ್ನೋ ಹಣೆಬರಹವನ್ನೋ ಹೊಣೆ ಮಾಡುತ್ತಾರೆ. ಮೇವಿನದೂ ಒಂದು ಪಾಲಿದೆ, ಆದರೆ ಹಂಚಿಕೆಯೇ ಬೇರೆಯಾಗಿತ್ತು ಎಂಬುದನ್ನು ನಾವು ಅವರಿಗೆ ಹೇಳುವುದೇ ಇಲ್ಲ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಬೇಕ್‌ವೆಲ್ ಇದೊಂದನ್ನೂ ಅರಿಯದೆ, ಒಳ್ಳೆಯದನ್ನು ಒಳ್ಳೆಯದಕ್ಕೇ, ಹತ್ತಿರದ ಬಂಧುಗಳಲ್ಲೇ ಕೂಡಿಸುತ್ತಾ ಹೋದ. ಅವನ ದಾರಿ ಹಿಡಿದ ಕೋಲಿಂಗ್ ಸಹೋದರರ ಹಿಂಡಿನಲ್ಲಿ 1804ರಲ್ಲಿ ಕಾಮೆಟ್ ಎಂಬ ಶಾರ್ಟ್‌ಹಾರ್ನ್ ಹೋರಿ ಹುಟ್ಟಿತು. 1810ರ ಹರಾಜಿನಲ್ಲಿ ಅದು 1,000 ಗಿನಿಗೆ ಹೋಯಿತು. ಅದರ ಅಪ್ಪನೇ ಅದರ ತಾಯಿಗೂ ಅಪ್ಪ, ಮೇಲಾಗಿ ಆ ಅಪ್ಪನ ತಾಯಿಯೇ ತಾಯಿಯ ಕಡೆಯಿಂದಲೂ ಕಾಮೆಟ್‌ನ ಅಜ್ಜಿ. ಒಂದು ಶತಮಾನದ ನಂತರ ಸೀವಾಲ್ ರೈಟ್ ಅಮೆರಿಕದ ಕೃಷಿ ಇಲಾಖೆಯಲ್ಲಿ ಕುಳಿತು ಶಾರ್ಟ್‌ಹಾರ್ನ್ ವಂಶಾವಳಿಗಳನ್ನು ಹಿಡಿದು ಒಳಸಂತಾನದ ಸೂತ್ರ ಬರೆದ. 1922ರ ಆ ಸೂತ್ರದ ಪ್ರಕಾರ ಕಾಮೆಟ್‌ನದು ಸುಮಾರು ಶೇ. 47. ಒಳಸಂತಾನದಲ್ಲಿ ಜೊತೆಯ ಎರಡು ಎಳೆಗಳೂ ಒಂದೇ ಆಗುತ್ತವೆ. ಒಂದೇ ಆದ ಎಳೆಗಳು ಎಷ್ಟು ಅಡ್ಡಹಾದರೂ ಹೊಸದೇನೂ ಹುಟ್ಟುವುದಿಲ್ಲ. ತಳಿಗೆ ಏಕರೂಪ ಬರುತ್ತದೆ, ಆದರೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಸಾಧನವೇ ಕೈಬಿಟ್ಟುಹೋಗುತ್ತದೆ.

ಈಗ ಚೀಫ್‌ನ ದೋಷ ಸಿಕ್ಕಿದ ಬಗೆಯನ್ನು ಹೇಳಬೇಕು, ಏಕೆಂದರೆ ನಮ್ಮ ವಿಜ್ಞಾನದಲ್ಲಿ ಇಷ್ಟು ಸುಂದರವಾದ ತರ್ಕ ಅಪರೂಪ. ಸಿಕ್ಕಿದ್ದು ರೋಗಿಷ್ಟ ಕರುವಿನಲ್ಲಲ್ಲ, ಇಲ್ಲದ ಕರುವಿನಲ್ಲಿ. ಬೆಲ್ಟ್ಸ್‌ವಿಲ್‌ನಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಪಾಲ್ ವ್ಯಾನ್‌ರೇಡನ್ ಮತ್ತು ಸಂಗಡಿಗರ ಬಳಿ ಸಾವಿರಾರು ಹೋಲ್‌ಸ್ಟೀನ್‌ಗಳ ಡಿಎನ್‌ಎ ಗುರುತುಗಳಿದ್ದವು. ವರ್ಣತಂತುಗಳನ್ನು ತುಂಡುತುಂಡಾಗಿ ನೋಡುತ್ತಾ ಅವರು ಒಂದೇ ಪ್ರಶ್ನೆ ಕೇಳಿದರು: ಹಿಂಡಿನಲ್ಲಿ ಸಾಕಷ್ಟು ದನಗಳಲ್ಲಿ ಒಂಟಿ ಪ್ರತಿಯಾಗಿ ಕಾಣುವ, ಆದರೆ ಯಾವ ದನದಲ್ಲಿಯೂ ಜೋಡಿಯಾಗಿ ಕಾಣದ ತುಂಡು ಯಾವುದಾದರೂ ಇದೆಯೇ? ವಾಹಕ ಹೋರಿಯೂ ವಾಹಕ ಹಸುವೂ ಕೂಡಿದರೆ ನಾಲ್ಕರಲ್ಲಿ ಒಂದು ಕರುವಿನಲ್ಲಿ ಜೋಡಿ ಕಾಣಲೇಬೇಕು. ಹತ್ತಾರು ಕಾಣಬೇಕಿದ್ದ ಕಡೆ ಒಂದೂ ಇರಲಿಲ್ಲವೆಂದರೆ ಆ ಕರುಗಳು ಹುಟ್ಟುವ ಮೊದಲೇ ಸತ್ತಿವೆ. 2011ರಲ್ಲಿ ಅವರು ಪ್ರಕಟಿಸಿದ ಇಂಥ ತುಂಡುಗಳಲ್ಲಿ ಒಂದು ಐದನೇ ವರ್ಣತಂತುವಿನಲ್ಲಿತ್ತು. ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಚೀಫ್ ಸಿಕ್ಕಿತು.

ತುಂಡು ದೊಡ್ಡದು, ಅದರೊಳಗೆ ಹತ್ತಾರು ವಂಶವಾಹಿಗಳು. ಅಪರಾಧಿ ಯಾರು? ಇಲ್ಲಿ ಪುನಸ್ಸಂಯೋಜನೆಯೇ ಸಾಕ್ಷಿ ನುಡಿಯಿತು. ಚೀಫ್‌ನ ವಂಶದ ಕೆಲವು ದನಗಳಲ್ಲಿ ಈ ತುಂಡಿನ ನಡುವೆಯೇ ಅಡ್ಡಹಾಯುವಿಕೆ ನಡೆದು, ಅರ್ಧ ಮಾತ್ರ ಉಳಿದಿತ್ತು. ಅಂಥ ಅರ್ಧವು ಜೋಡಿಯಾಗಿ ಬಂದರೂ ಕರು ಬದುಕಿದ್ದರೆ ಆ ಅರ್ಧದಲ್ಲಿ ದೋಷವಿಲ್ಲವೆಂದು ಕೈಬಿಡಬಹುದು. ಹೀಗೆ ಎಡದಿಂದ ಬಲದಿಂದ ಕೊರೆಯುತ್ತಾ ಹುಡುಕುವ ಜಾಗವನ್ನು ಕಿರಿದು ಮಾಡಿದರು. ಆಮೇಲೆ ಚೀಫ್ ಮತ್ತು ಅದರ ಮೂರು ಹೋರಿಮಕ್ಕಳ ಡಿಎನ್‌ಎ ಓದಿದಾಗ ಎಪಿಎಎಫ್1ರ ಬದಲಾದ ಅಕ್ಷರ ಸಿಕ್ಕಿತು. ಈಗ ವಾಹಕ ಹೋರಿಯನ್ನು ಒಂದು ಪರೀಕ್ಷೆಯಲ್ಲಿ ಗುರುತಿಸಬಹುದು. ಚೀಫ್‌ನ ಹಾಲಿನ ಗುಣಗಳೆಲ್ಲ ಬೇರೆ ಬೇರೆ ವರ್ಣತಂತುಗಳಲ್ಲಿ ಹರಡಿಕೊಂಡಿರುವುದರಿಂದ ಅವನ್ನು ಇಟ್ಟುಕೊಂಡು ದೋಷವನ್ನು ಬಿಡುವುದು ಸಾಧ್ಯವಾಗಿದೆ.

ಕಾರ್ಲಿನ್-ಎಂ ಐವನ್‌ಹೋ ಬೆಲ್ ಎಂಬ ಇನ್ನೊಂದು ಪ್ರಸಿದ್ಧ ಹೋರಿಯದು ಇನ್ನೂ ಕಠಿಣ ಕಥೆ. 1974ರಲ್ಲಿ ಹುಟ್ಟಿದ ಅದು ಎರಡು ದೋಷಗಳನ್ನು ಹೊತ್ತಿತ್ತು, ಎರಡೂ ಬೇರೆ ಬೇರೆ ವರ್ಣತಂತುಗಳಲ್ಲಿ. ಇಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಅದರ ಹೆಸರು ಬಿಎಲ್‌ಎಡಿ. ಇದರಲ್ಲಿ ಬಿಳಿ ರಕ್ತಕಣಗಳು ರಕ್ತನಾಳ ದಾಟಿ ಗಾಯದ ಕಡೆ ಹೋಗಲಾರವು. ಕರುವಿನ ವಸಡು ಹುಣ್ಣಾಗುತ್ತದೆ, ನ್ಯುಮೋನಿಯ ಹಿಡಿಯುತ್ತದೆ, ಏನು ಔಷಧ ಕೊಟ್ಟರೂ ಬಹುಕಾಲ ಬದುಕುವುದಿಲ್ಲ. 1992ರಲ್ಲಿ ಇದರ ಮೂಲ ಸಿಕ್ಕಿದಾಗ ಅಮೆರಿಕದ ಕೃತಕ ಗರ್ಭಧಾರಣೆಯ ಹೋಲ್‌ಸ್ಟೀನ್ ಹೋರಿಗಳಲ್ಲಿ ಸುಮಾರು ಶೇ. 14 ವಾಹಕಗಳಾಗಿದ್ದವು. ಹೋಲ್‌ಸ್ಟೀನ್ ವೀರ್ಯ ಎಲ್ಲೆಲ್ಲಿಗೆ ಹೋಯಿತೋ ಅಲ್ಲಿಗೆಲ್ಲ ಇದೂ ಹೋಯಿತು, ಭಾರತಕ್ಕೂ ಬಂತು. ಅದಕ್ಕೇ ನಮ್ಮ ವೀರ್ಯ ಕೇಂದ್ರಗಳಿಗೆ ಹೋರಿ ಸೇರಿಸುವ ಮುನ್ನ ಈ ಪರೀಕ್ಷೆ ಕಡ್ಡಾಯ.

ಇನ್ನು ನಮ್ಮ ಕೊಟ್ಟಿಗೆಗೆ ಬರೋಣ. ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಘನೀಕೃತ ವೀರ್ಯ ಕೇಂದ್ರದಿಂದ ಇಂದಿನವರೆಗೆ, ಕರ್ನಾಟಕದ ಹಾಲಿನ ಚರಿತ್ರೆ ಕಾಲು ಮಿಲಿಲೀಟರಿನ ಪ್ಲಾಸ್ಟಿಕ್ ನಳಿಕೆಯಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಸಾಗಿದೆ. ಆ ನಳಿಕೆಯನ್ನು ಕೈಗೆ ತೆಗೆದುಕೊಂಡು ನೋಡಿ. ಒಂದು ಸಾಲು ಸಣ್ಣ ಅಕ್ಷರ: ಕೇಂದ್ರದ ಸಂಕೇತ, ತಳಿ, ಹೋರಿಯ ಸಂಖ್ಯೆ, ತಯಾರಾದ ದಿನ. ಒಳಗೆ ಸುಮಾರು ಎರಡು ಕೋಟಿ ವೀರ್ಯಾಣುಗಳು. ಅವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ನಮ್ಮ ರೈತ ಕೇಳುವುದು ಒಂದೇ ಮಾತು: "ಎಚ್‌ಎಫ್ ಹಾಕ್ತೀರಾ, ಜೆರ್ಸಿ ಹಾಕ್ತೀರಾ?" ಎಚ್‌ಎಫ್ ಎಂದರೆ ಹೋಲ್‌ಸ್ಟೀನ್ ತಳಿಯೇ. ಹೋರಿಯ ಸಂಖ್ಯೆ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಹಳ್ಳಿಕಾರ್ ಹಸುವಿಗೆ ಎಚ್‌ಎಫ್ ಹಾಕಿಸಿದರೆ ಹುಟ್ಟುವ ಮೊದಲ ಪೀಳಿಗೆಯ ಕಡಸಿನಲ್ಲಿ ಪ್ರತಿ ಜೊತೆಯಲ್ಲೂ ಒಂದು ಎಳೆ ಪೂರ್ತಿ ಎಚ್‌ಎಫ್, ಇನ್ನೊಂದು ಪೂರ್ತಿ ಹಳ್ಳಿಕಾರ್. ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಹಾಲೂ ಬಂತು, ಬಿಸಿಲೂ ತಡೆಯಿತು, ಉಣ್ಣೆ ಕಾಟವೂ ಕಡಿಮೆ. ರೈತ ಸಂತೋಷಪಟ್ಟದ್ದು ಸರಿಯಾಗಿಯೇ ಇತ್ತು. ಆದರೆ ಆ ಕಡಸು ದೊಡ್ಡದಾಗಿ ತಾನೇ ಅಂಡ ತಯಾರಿಸಿದಾಗ ಎರಡು ತಳಿಗಳ ಎಳೆಗಳು ಮೊದಲ ಸಲ ಪರಸ್ಪರ ಅಡ್ಡಹಾಯುತ್ತವೆ. ಮುಂದಿನ ಕರುವಿಗೆ ತಾಯಿಯ ಕಡೆಯಿಂದ ಸಿಗುವ ಅನೇಕ ಎಳೆಗಳು ಕೌದಿಯ ಹಾಗೆ, ಒಂದು ತುಂಡು ಇಲ್ಲಿಯದು, ಒಂದು ತುಂಡು ಅಲ್ಲಿಯದು. ಮಿಶ್ರತಳಿಯನ್ನು ಮಿಶ್ರತಳಿಗೇ ಕೂಡಿಸಿದರೆ ಮೊದಲ ಪೀಳಿಗೆಯ ಸಂಕರ ಬಲದಲ್ಲಿ ಅರ್ಧ ಹೋಗಿಬಿಡುತ್ತದೆ, ಒಂದು ಕರುವಿಗೂ ಇನ್ನೊಂದಕ್ಕೂ ಅಂತರ ಹಿಗ್ಗುತ್ತದೆ. "ಅಮ್ಮ ಇಪ್ಪತ್ತು ಲೀಟರ್ ಕೊಡ್ತಿತ್ತು, ಮಗಳು ಹನ್ನೆರಡಕ್ಕೆ ನಿಂತಳು" ಎಂದು ರೈತ ಹೇಳುವಾಗ ಆ ಮಾತಿನ ಹಿಂದೆ ಈ ಹಂಚಿಕೆ ಇದೆ.

ಮತ್ತೆ ಎಚ್‌ಎಫ್ ಹಾಕಿಸಿದರೆ ಶೇ. 75 ಎಂದು ಕಾರ್ಡಿನಲ್ಲಿ ಬರೆಯುತ್ತೇವೆ. ಆ ಕರುಗಳಲ್ಲಿ ನಿಜವಾದ ಎಚ್‌ಎಫ್ ಪಾಲು ಬಹುಪಾಲು 68ರಿಂದ 82ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದಕ್ಕಿಂತ ಮುಖ್ಯ, ಎರಡು ಕರುಗಳೂ ಸರಿಯಾಗಿ 75 ಇದ್ದರೂ ಒಂದಕ್ಕೆ ಬಿಸಿಲು ತಡೆಯುವ ಹಳ್ಳಿಕಾರ್ ತುಂಡು ಉಳಿದಿರಬಹುದು, ಇನ್ನೊಂದಕ್ಕೆ ಬರೀ ಗಿಡ್ಡ ಕೆಚ್ಚಲಿನ ತುಂಡು ಉಳಿದಿರಬಹುದು. ಶೇಕಡಾವಾರು ಹಿಡಿದು ತಳಿ ನೀತಿ ಮಾಡುವುದನ್ನು ನಾವು ಬಿಡಬೇಕೆಂದು ನಾನು ಇಲ್ಲಿ ಒತ್ತಿ ಹೇಳುತ್ತೇನೆ. ಬೇಕಾದದ್ದು ಯಾವ ತುಂಡು ಎಂಬ ಲೆಕ್ಕ.

ಅಡ್ಡಹಾಯದ ಎರಡು ಪಾಲುಗಳೂ ಇವೆ. ಜೀವಕೋಶದ ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ವೈ ವರ್ಣತಂತುವಿನ ಬಹುಭಾಗ ಅಪ್ಪನಿಂದ ಗಂಡುಕರುವಿಗೆ ಹಾಗೆಯೇ ಇಳಿಯುತ್ತದೆ. ಕೋಲಾರದಲ್ಲೋ ಮಂಡ್ಯದಲ್ಲೋ ಆರು ಪೀಳಿಗೆ ಎಚ್‌ಎಫ್ ವೀರ್ಯ ಹಾಕಿಸಿದ ಕಪ್ಪು-ಬಿಳುಪು ಹಸುವಿನ ಪ್ರತಿ ಜೀವಕೋಶದಲ್ಲೂ, ಐವತ್ತು ವರ್ಷದ ಹಿಂದೆ ಆ ಮನೆಯ ಕೊಟ್ಟಿಗೆಯಲ್ಲಿದ್ದ ನಾಟಿ ಹಸುವಿನ ಮೈಟೊಕಾಂಡ್ರಿಯಾ ಇಂದಿಗೂ ಇದೆ. ವೈ ವಿಷಯದಲ್ಲಿ ಕಣ್ಣಿಗೇ ಕಾಣುವ ಗುರುತಿದೆ: ಭುಜದ ಮೇಲೆ ಡುಬ್ಬವಿರುವ ನಮ್ಮ ತಳಿಗಳ ವೈ ವರ್ಣತಂತುವಿನ ಎರಡು ತೋಳುಗಳು ಸೇರುವ ಗಂಟು ತುದಿಯಲ್ಲಿ, ಯುರೋಪಿನ ದನಗಳಲ್ಲಿ ಅದು ನಡುವಿನ ಹತ್ತಿರ. ದೇಸಿ ಎಂದು ತಂದ ಹೋರಿಯ ರಕ್ತದ ಬಿಳಿಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅವು ವಿಭಜನೆಯಾಗುವಾಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಅಪ್ಪನ ಸಾಲಿನಲ್ಲಿ ಎಂದೋ ಸೀಮೆಹೋರಿ ಸೇರಿದ್ದರೆ ಅಲ್ಲಿಯೇ ತಿಳಿಯುತ್ತದೆ. ಡುಬ್ಬ, ಗಂಗೆದೊಗಲು, ಸುಳಿ ಎಲ್ಲ ಸರಿಯಾಗಿದ್ದರೂ ಸಹ.

ಕೆಲವರು ಕೇಳುತ್ತಾರೆ: ತಪ್ಪಾಯಿತು, ಮತ್ತೆ ಹಳ್ಳಿಕಾರ್ ಹೋರಿ ಹಾಕಿಸುತ್ತಾ ಹೋದರೆ ತಳಿ ಶುದ್ಧವಾಗದೇ? ಆರು ಪೀಳಿಗೆಯ ನಂತರ ಪರಕೀಯ ಪಾಲು ಸರಾಸರಿ ಶೇ. ಒಂದೂವರೆಗೆ ಇಳಿಯುವುದು ನಿಜ. ಆದರೆ ಆ ದಾರಿಯಲ್ಲಿ ನಾವು ಎಚ್‌ಎಫ್‌ನ ಹಾಲಿನ ಗುಣವೊಂದನ್ನು ಹಿಡಿದುಕೊಂಡೇ ಬಂದರೆ, ಅದರ ಅಕ್ಕಪಕ್ಕದಲ್ಲಿ ಸರಾಸರಿ ವರ್ಣತಂತುವಿನ ಮೂರನೇ ಒಂದು ಭಾಗದಷ್ಟು ಉದ್ದದ ಎಚ್‌ಎಫ್ ತುಂಡು ಆಗಲೂ ಅಂಟಿಕೊಂಡಿರುತ್ತದೆ. ಒಂದು ಪೀಳಿಗೆಗೆ ಒಂದು ಜೊತೆಯಲ್ಲಿ ಒಂದೋ ಎರಡೋ ಅಡ್ಡಹಾಯುವಿಕೆ ಮಾತ್ರ, ಅದನ್ನು ಯಾರೂ ಅವಸರ ಪಡಿಸಲಾರರು. ದನಕ್ಕೆ ಆರು ಪೀಳಿಗೆ ಎಂದರೆ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ. ಕೋಡಿಲ್ಲದ ಗುಣವನ್ನು ಹೋಲ್‌ಸ್ಟೀನ್‌ಗೆ ತರಲು ಹೋದವರೂ ಇದೇ ಕಷ್ಟ ಪಟ್ಟರು. ಕೋಡು ಹೋಯಿತು, ಜೊತೆಗೆ ಹಾಲೂ ತಗ್ಗಿತು.

ಬೆರಕೆಯೇ ಕೆಟ್ಟದ್ದೆಂದು ಹೇಳುವವನಲ್ಲ ನಾನು. ನಮ್ಮ ಕೃಷ್ಣಾ ಕಣಿವೆ ತಳಿಯೇ ಬೆರಕೆಯಿಂದ ಹುಟ್ಟಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಎರೆಭೂಮಿ ಉಳಲು ಬಲವಾದ ಎತ್ತು ಬೇಕೆಂದು ಗೀರ್, ಓಂಗೋಲ್, ಕಾಂಕ್ರೇಜ್, ಮೈಸೂರು ಕಡೆಯ ದನ ಎಲ್ಲವನ್ನೂ ಸೇರಿಸಿ, ಆರಿಸುತ್ತಾ ಆರಿಸುತ್ತಾ ಒಂದು ಮೈಕಟ್ಟಿಗೆ ತಂದರು. ಅಮೃತಮಹಲ್‌ನದೂ ಹಾಗೆಯೇ. ಚಿಕ್ಕದೇವರಾಜ ಒಡೆಯರ ಕಾಲದ ಅರಮನೆಯ ದನಗಳ ಇಲಾಖೆಯಾದ ಬೆಣ್ಣೆಚಾವಡಿಗೆ ಟಿಪ್ಪು ಸುಲ್ತಾನ ಅಮೃತಮಹಲ್ ಎಂದು ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಅಲ್ಲಿ ಸೇರಿ, ಫಿರಂಗಿ ಎಳೆಯುವ ಓಟವನ್ನೇ ಅಳತೆಗೋಲಾಗಿಟ್ಟುಕೊಂಡು ಪೀಳಿಗೆಗಟ್ಟಲೆ ಆರಿಸಲ್ಪಟ್ಟವು. ಅವರಿಗೆ ವರ್ಣತಂತು ಗೊತ್ತಿರಲಿಲ್ಲ, ಆದರೆ ಏನು ಬೇಕೆಂಬುದು ಸ್ಪಷ್ಟವಿತ್ತು, ಆರಿಸಲು ದೊಡ್ಡ ಹಿಂಡಿತ್ತು, ಮೇಯಲು ಕಾವಲುಗಳಿದ್ದವು. ಇಂದು ಅಜ್ಜಂಪುರದ ಅಮೃತಮಹಲ್ ಹಿಂಡು ಚಿಕ್ಕದು, ಕಾವಲುಗಳು ಒತ್ತುವರಿಯಾಗಿವೆ. ಹಿಂಡು ಕುಗ್ಗಿದರೆ ಒಳಸಂತಾನ ಏರುತ್ತದೆ, ಆಗ ಪುನಸ್ಸಂಯೋಜನೆಗೆ ಸಿಗುವ ಭಿನ್ನ ಎಳೆಗಳೇ ಇಲ್ಲವಾಗುತ್ತವೆ. ನನಗೆ ಇದು ಹಾಲಿನ ದರಕ್ಕಿಂತ ದೊಡ್ಡ ಚಿಂತೆ.

2001ರಲ್ಲಿ ಮ್ಯೂವಿಸೆನ್, ಹೇಯ್ಸ್, ಗೊಡಾರ್ಡ್ ಎಂಬ ಮೂವರು ಬರೆದ ಲೇಖನ ಹೊಸ ದಾರಿ ತೆರೆಯಿತು. ವರ್ಣತಂತುಗಳ ಉದ್ದಕ್ಕೂ ಸಾವಿರಾರು ಗುರುತುಗಳನ್ನು ಓದಿ, ಪ್ರತಿ ತುಂಡಿಗೂ ಒಂದು ಬೆಲೆ ಕಟ್ಟುವ ವಿಧಾನ ಅದು. ಸುಮಾರು 54,000 ಗುರುತುಗಳ ಚಿಪ್ ಬಂದ ಮೇಲೆ 2009ರ ಜನವರಿಯಲ್ಲಿ ಅಮೆರಿಕ ಹೋಲ್‌ಸ್ಟೀನ್‌ಗಳಿಗೆ ಇದನ್ನು ಅಧಿಕೃತ ಮಾಡಿತು. ಮೊದಲು ಹೋರಿಯ ಹೆಣ್ಣುಮಕ್ಕಳು ಹಾಲು ಕರೆಯುವವರೆಗೆ ಐದಾರು ವರ್ಷ ಕಾಯಬೇಕಿತ್ತು, ಈಗ ಕರು ಹುಟ್ಟಿದ ವಾರದಲ್ಲೇ ಅಂದಾಜು ಸಿಗುತ್ತದೆ. ಭಾರತದಲ್ಲೂ 2024ರ ಅಕ್ಟೋಬರ್ 5ರಂದು ಗೋ ಚಿಪ್ ಬಿಡುಗಡೆಯಾಗಿದೆ. ಆದರೆ ಚಿಪ್ ತಾನಾಗಿ ಏನನ್ನೂ ಹೇಳುವುದಿಲ್ಲ. ಗುರುತಿಗೂ ಗುಣಕ್ಕೂ ಇರುವ ನಂಟು ಅವು ಒಂದೇ ತುಂಡಿನಲ್ಲಿ ಸಾಗುವವರೆಗೆ ಮಾತ್ರ. ಪೀಳಿಗೆ ಪೀಳಿಗೆಗೆ ಅಡ್ಡಹಾಯುವಿಕೆ ಆ ನಂಟನ್ನು ಸಡಿಲಿಸುತ್ತದೆ, ತಳಿಯಿಂದ ತಳಿಗೆ ನಂಟೇ ಬೇರೆ. ಅಮೆರಿಕದ ಹೋಲ್‌ಸ್ಟೀನ್‌ಗೆ ಕಟ್ಟಿದ ಬೆಲೆ ಮಲೆನಾಡು ಗಿಡ್ಡಕ್ಕೆ ನಡೆಯದು. ನಮ್ಮ ದನಗಳನ್ನು ನಾವೇ ಸಾವಿರಗಟ್ಟಲೆ ಅಳೆದು ಬರೆದಿಡಬೇಕು, ಅದನ್ನು ನಿಲ್ಲಿಸದೆ ಮುಂದುವರಿಸಬೇಕು.

ಏನನ್ನು ಬರೆಯಬೇಕು? ಹಾಲು, ಜಿಡ್ಡು ಹೇಗೂ ಡೇರಿಯಲ್ಲಿ ದಿನಾ ಅಳೆಯುತ್ತೇವೆ, ಆದರೆ ಅದು ಮನೆಯ ಲೆಕ್ಕ, ಹಸುವಿನ ಲೆಕ್ಕವಲ್ಲ. ಹನ್ನೆರಡು ಅಂಕಿಯ ಕಿವಿಯೋಲೆಗೆ ಹೊಂದಿಸಿ ಪ್ರತಿ ಹಸುವಿನ ಹಾಲನ್ನು ತಿಂಗಳಿಗೊಮ್ಮೆಯಾದರೂ ಬರೆಯಬೇಕು. ಎಷ್ಟನೇ ಸೂಲು, ಯಾವ ಬೇಸಿಗೆಯಲ್ಲಿ ಏದುಸಿರು ಬಿಟ್ಟಿತು, ಉಣ್ಣೆ ಎಷ್ಟು, ಕಾಲುಬಾಯಿ ಜ್ವರದ ನಂತರ ಎಷ್ಟು ದಿನಕ್ಕೆ ಚೇತರಿಸಿತು, ಇವೂ ಬೇಕು. ಇನ್ನೊಂದು ಸಂಗತಿಯನ್ನು ಮುಖ್ಯವಾಗಿ ಕೇಳಿಕೊಳ್ಳುತ್ತೇನೆ. ಕೃತಕ ಗರ್ಭಧಾರಣೆ ಮಾಡಿಸಿದ ಹಸು ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದರೆ, ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ ಕಂದು ಹಾಕಿದರೆ, ಆ ದಿನವನ್ನೂ ನಳಿಕೆಯ ಮೇಲಿದ್ದ ಹೋರಿಯ ಸಂಖ್ಯೆಯನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಕಂದು ಹಾಕುವುದಕ್ಕೆ ಬ್ರುಸೆಲ್ಲಾದಿಂದ ಹಿಡಿದು ನೂರು ಕಾರಣಗಳಿವೆ, ಒಂದು ಮನೆಯ ಒಂದು ಸಾಲಿನಿಂದ ಏನೂ ತಿಳಿಯದು. ಹೋರಿಯ ಸಂಖ್ಯೆಯೊಂದಿಗೆ ಒಂದು ಜಿಲ್ಲೆಯ ಎಲ್ಲ ಸಾಲುಗಳು ಸೇರಿದರೆ, ನಮ್ಮ ಹೋರಿಗಳಲ್ಲಿ ಯಾವುದು ಚೀಫ್‌ನಂತೆ ಏನನ್ನು ಹೊತ್ತಿದೆ ಎಂದು ಹುಡುಕಲು ಶುರುಮಾಡಬಹುದು.